ಶನಿವಾರದ ಸಾಹೇಬರು

ಫೋನ್ ಬಂದಾಗ ಅವಳು ಗಿರಾಕಿಯೊಬ್ಬರ ಕನ್ನಡಕದ ಕಡ್ಡಿಗೆ ಹೊಸ ಸ್ಕ್ರೂ ಕೂರಿಸುತ್ತಿದ್ದಳು. ಸಾಸಿವೆಗಿಂತ ಸಣ್ಣ ಸ್ಕ್ರೂ. ಕೈಜಾರಿ ನೆಲಕ್ಕೆ ಬಿದ್ದರೆ ಹುಡುಕಿದವರುಂಟು, ಕಂಡವರಿಲ್ಲ. ಫೋನಿನಲ್ಲಿ 'ಫೈಲಕ್ಕ' ಎಂದು ಮೂಡಿದ್ದನ್ನು ನೋಡಿ ಅವಳು ಸ್ಕ್ರೂವನ್ನು ತಟ್ಟೆಗೆ ಹಾಕಿ, ಕೈ ಒರೆಸಿಕೊಂಡು ಫೋನ್ ಎತ್ತಿದಳು. ದತ್ತು ಸಂಸ್ಥೆಯಲ್ಲಿ ಅವರ ಕಡತ ನೋಡಿಕೊಳ್ಳುವ ಅಧಿಕಾರಿಗೆ ಗಂಡ ಇಟ್ಟ ಹೆಸರು ಅದು. ಎರಡು ವರ್ಷದಲ್ಲಿ ಆಕೆ ಫೈಲಿನ ಮಾತು ಬಿಟ್ಟು ಬೇರೆ ಮಾತಾಡಿದ್ದೇ ಇಲ್ಲ.

"ಮೇಡಂ, ಕೂತ್ಕೊಂಡಿದೀರಾ?"

"ಕೂತೇ ಇದೀನಿ, ಹೇಳಿ."

"ಮಗುವಿನ ರಕ್ತದ ರಿಪೋರ್ಟ್ ಬಂತು. ನೆಗೆಟಿವ್. ಎರಡು ಸಲ ಮಾಡಿದಾರೆ, ಎರಡು ಸಲಾನೂ ನೆಗೆಟಿವ್. ಅವನಿಗೆ ಎಚ್‌ಐವಿ ಇಲ್ಲ."

ಅವಳು ಲೆನ್ಸ್ ತೇಯುವ ಯಂತ್ರದ ಮೇಲೆ ಹಣೆಯಿಟ್ಟು ಅತ್ತುಬಿಟ್ಟಳು. ಕೌಂಟರಿನ ಆಚೆ ನಿಂತಿದ್ದ ಗಿರಾಕಿ, ವಯಸ್ಸಾದವರು, ಕನ್ನಡಕವಿಲ್ಲದೆ ಅವಳ ಮುಖವೂ ಸರಿಯಾಗಿ ಕಾಣದೆ, "ಏನಮ್ಮ, ಯಾರಾದ್ರೂ ಹೋದ್ರಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ ಯಜಮಾನ್ರೇ. ಬರ್ತಾ ಇದಾರೆ," ಎಂದಳು.

ಬರುವವನಿಗೆ ಆಗ ಹತ್ತೊಂಬತ್ತು ತಿಂಗಳು. ಇದ್ದದ್ದು ಬೇರೆ ದೇಶದಲ್ಲಿ, ಒಂದು ಮಕ್ಕಳ ಮನೆಯಲ್ಲಿ. ಐದು ತಿಂಗಳ ಕೂಸಾಗಿದ್ದಾಗ ತೆಗೆದ ಫೋಟೋದೊಂದಿಗೆ ಅವನ ಕಡತ ಇವರ ಕೈಸೇರಿತ್ತು. ಹುಬ್ಬು ಗಂಟಿಕ್ಕಿ, ತಲೆಯನ್ನು ಒಂದಿಷ್ಟು ವಾಲಿಸಿ, ಸಹಿ ಹಾಕಲು ತಪ್ಪು ಕಾಗದ ತಂದುಕೊಟ್ಟ ಗುಮಾಸ್ತನನ್ನು ನೋಡುವವನ ಹಾಗೆ ನೋಡುತ್ತಿದ್ದ. "ಸಾಹೇಬರು ಸಿಟ್ಟಲ್ಲಿದಾರೆ," ಎಂದ ಗಂಡ. ಅಂದಿನಿಂದ ಅವನು ಸಾಹೇಬರೇ. ಕಡತದಲ್ಲಿದ್ದ ಹೆಸರಿನಿಂದ ಮನೆಯಲ್ಲಿ ಯಾರೂ ಅವನನ್ನು ಕರೆಯಲಿಲ್ಲ.

ಅವಳಿಗೆ ಎಚ್‌ಐವಿ ಇರುವುದು ಗೊತ್ತಾಗಿ ಹನ್ನೊಂದು ವರ್ಷವಾಗಿತ್ತು. ದಿನಕ್ಕೊಂದು ಮಾತ್ರೆ, ಆರು ತಿಂಗಳಿಗೊಮ್ಮೆ ಪರೀಕ್ಷೆ. ಎಂಟು ವರ್ಷದಿಂದ ಅವಳ ರಕ್ತದಲ್ಲಿ ಹುಡುಕಿದರೂ ವೈರಸ್ ಕಾಣಿಸುತ್ತಿರಲಿಲ್ಲ. ಗಂಡನಿಗೆ ಅಂಟಿಯೂ ಇರಲಿಲ್ಲ. ಎಲ್ಲಿಂದ ಬಂತು ಎಂದು ಕೇಳುವವರಿಗೆ ಮೊದಮೊದಲು ವಿವರವಾಗಿ ಉತ್ತರ ಕೊಡುತ್ತಿದ್ದಳು. ಆಮೇಲೆ ಗೊತ್ತಾಯಿತು, ಅವರು ಕೇಳುತ್ತಿರುವುದು ಕಾಯಿಲೆಯ ವಿಷಯವನ್ನಲ್ಲ, ನಡತೆಯ ವಿಷಯವನ್ನು. ಅಂದಿನಿಂದ ಉತ್ತರ ಕೊಡುವುದನ್ನು ನಿಲ್ಲಿಸಿದ್ದಳು. ಎಲ್ಲ ಅರ್ಜಿಗಳಲ್ಲೂ ಆ ಸಾಲನ್ನು ಖಾಲಿ ಬಿಡುತ್ತಿದ್ದಳು. ಎಲ್ಲ ಕಚೇರಿಗಳಿಂದಲೂ ಆ ಸಾಲಿಗೊಂದು ಕೆಂಪು ಸುತ್ತು ಹಾಕಿಕೊಂಡು ಅರ್ಜಿ ವಾಪಸ್ಸು ಬರುತ್ತಿತ್ತು.

ಅವರ ಸ್ವಂತ ದೇಶದಲ್ಲಿ ಅಂಥವರಿಗೆ ದತ್ತು ಇಲ್ಲವೇ ಇಲ್ಲ. ಆ ಇನ್ನೊಂದು ದೇಶದಲ್ಲಿ ಒಂದು ಕಿಂಡಿ ಇತ್ತು: ಎಚ್‌ಐವಿ ಇರುವ ಮಕ್ಕಳನ್ನು ಇಬ್ಬರಲ್ಲಿ ಒಬ್ಬರಿಗಾದರೂ ಎಚ್‌ಐವಿ ಇರುವ ದಂಪತಿಗೆ ಕೊಡಬಹುದು. "ಯಾರೂ ಕೇಳದ ಮಕ್ಕಳು, ಯಾರೂ ಕೇಳದ ಅಪ್ಪ-ಅಮ್ಮ. ಗಂಟು ಹಾಕೋಕೆ ಒಳ್ಳೇ ಜೋಡಿ ಹುಡುಕಿದಾರೆ," ಎಂದು ಗಂಡ ನಕ್ಕಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. ಮೂರನೆಯ ಮಹಡಿಗೂ ನಾಲ್ಕನೆಯ ಮಹಡಿಗೂ ನಡುವೆ ಸಿಕ್ಕಿಕೊಂಡು ಕೂಗಾಡುವವರನ್ನು ಸಮಾಧಾನ ಮಾಡಿ ಮಾಡಿ, ಎಂಥದಕ್ಕೂ ಒಂದು ತಮಾಷೆ ಹುಡುಕುವುದು ಅವನಿಗೆ ಅಭ್ಯಾಸವಾಗಿತ್ತು.

ಎರಡು ವಾರಕ್ಕೊಮ್ಮೆ ಶನಿವಾರ ಮಧ್ಯಾಹ್ನ ಹತ್ತು ನಿಮಿಷ ವಿಡಿಯೋ ಕರೆ. ಅಲ್ಲಿನ ಆಯಾಳ ಭಾಷೆ ಇವರಿಗೆ ಬಾರದು, ಇವರದು ಆಕೆಗೆ ಬಾರದು. ಕೈ ಬೀಸುವುದು, ನಗುವುದು, ಬೊಂಬೆ ಅಲ್ಲಾಡಿಸುವುದು, ಅಷ್ಟೇ. ಸಾಹೇಬರಿಗೆ ಫೋನ್ ಕಂಡರೆ ಸಾಕು, ತೆವಳಿಕೊಂಡು ಬಂದು ಮುಖವನ್ನು ಅದಕ್ಕೇ ಒತ್ತಿಬಿಡುತ್ತಿದ್ದ. ಇತ್ತ ತೆರೆಯ ತುಂಬ ಒಂದು ಬಲಗಣ್ಣು, ಅರ್ಧ ಹಣೆ. ಒಮ್ಮೊಮ್ಮೆ ನಾಲಿಗೆ. ನಿದ್ದೆ ಮಾಡುತ್ತಿದ್ದ ದಿನಗಳನ್ನು ಬಿಟ್ಟರೆ ಅವನ ಪೂರ್ತಿ ಮುಖವನ್ನು ಇವರು ಕರೆಯಲ್ಲಿ ಕಂಡದ್ದೇ ಇಲ್ಲ. "ನಮ್ಮ ಮೇಲೆ ಎಷ್ಟು ಪ್ರೀತಿ ನೋಡು," ಎನ್ನುತ್ತಿದ್ದರು ಅತ್ತೆ. ಅವಳು ಹೌದೆನ್ನುತ್ತಿದ್ದಳು. ಅವಳಿಗೆ ಬೇರೆ ಇನ್ನೇನೋ ಗೊತ್ತಿತ್ತು, ಹೇಳಿರಲಿಲ್ಲ.

ರಕ್ತದ ಪರೀಕ್ಷೆಯನ್ನು ಮತ್ತೆ ಮಾಡಿಸಿ ಎಂದು ಹಟ ಹಿಡಿದವಳೂ ಅವಳೇ. ಅವಳನ್ನು ನೋಡುತ್ತಿದ್ದ ಡಾಕ್ಟರಮ್ಮ ಮೊದಲೇ ಹೇಳಿದ್ದರು: ಹೆತ್ತ ತಾಯಿಯ ರಕ್ತದ ಗುರುತು ಕೂಸಿನ ಮೈಯಲ್ಲಿ ಒಂದೂವರೆ ವರ್ಷದ ತನಕ ಉಳಿಯಬಹುದು, ಕೂಸಿಗೆ ಕಾಯಿಲೆ ಇಲ್ಲದಿದ್ದರೂ ಪರೀಕ್ಷೆ ಇದೆ ಎನ್ನಬಹುದು. ಅದನ್ನು ಬೇಗನೆ ಬಿಡಿಸಿ ಹೇಳುವ ದೊಡ್ಡ ಯಂತ್ರ ಆ ಮಕ್ಕಳ ಮನೆಯ ಸುತ್ತಮುತ್ತ ಇರಲಿಲ್ಲ. ಫೈಲಕ್ಕ, "ಮಗು ಇಲ್ಲಿಗೆ ಬಂದ್ಮೇಲೆ ಮಾಡಿಸ್ಕೊಳ್ಳಿ ಮೇಡಂ, ಈಗ ಯಾಕೆ ಕೆದಕೋದು," ಎಂದಿದ್ದರು. ಇವಳು ಕೇಳಲಿಲ್ಲ. ಇಲ್ಲದ ಕಾಯಿಲೆಗೆ ಕೂಸಿನ ಬಾಯಿಗೆ ಕಹಿ ಔಷಧಿ ಯಾಕೆ ಹಾಕಬೇಕು ಎಂದು ಮೂರು ಸಲ ಕಾಗದ ಬರೆದಳು. ಮೂರನೆಯದಕ್ಕೆ ಉತ್ತರ ಬಂದಿತ್ತು, ಪರೀಕ್ಷೆ ಮಾಡಿಸುತ್ತೇವೆ ಎಂದು.

ಅಂದು ಸಂಜೆ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಗಂಡ ಮೂರು ತಿಂಗಳ ಹಿಂದೆ ಜೋಡಿಸಿಟ್ಟಿದ್ದ ತೊಟ್ಟಿಲುಮಂಚವನ್ನು ಮತ್ತೊಮ್ಮೆ ಬಿಚ್ಚಿ ಜೋಡಿಸಿದ. ಈ ಸಲವೂ ಎರಡು ಬೋಲ್ಟು ಉಳಿದವು. "ಊರಿನ ಲಿಫ್ಟೆಲ್ಲ ನಿನ್ನ ಕೈಯಲ್ಲೇ ಇದೆಯಲ್ಲೋ, ದೇವರೇ ಕಾಪಾಡ್ಬೇಕು," ಎಂದರು ಅತ್ತೆ. ಆಮೇಲೆ ಸೊಸೆಯ ಕೈಹಿಡಿದು, "ಅಂತೂ ಆ ಪೀಡೆ ಮಗೂನ ಬಿಟ್ಟು ತೊಲಗ್ತು ಕಣಮ್ಮ," ಎಂದವರು, ಯಾರ ಕೈ ಹಿಡಿದಿದ್ದೇನೆಂದು ನೆನಪಾಗಿ ಸುಮ್ಮನಾದರು. ಕೈಯನ್ನು ಮಾತ್ರ ಬಿಡಲಿಲ್ಲ. ಅವಳಿಗೆ ಅದು ಸಾಕಾಗಿತ್ತು.

ಸೋಮವಾರ ಫೈಲಕ್ಕ ಇಬ್ಬರನ್ನೂ ಕಚೇರಿಗೆ ಕರೆಸಿದರು. ಅವರ ಮೇಜಿನ ಮೇಲೆ ಯಾವಾಗಲೂ ಇರುತ್ತಿದ್ದ ಹಳದಿ ಕಡತದ ಬದಲು ನೀಲಿ ಕಡತ ಇತ್ತು.

"ನಿಮ್ಮ ಮಗು ಇದ್ದದ್ದು ವಿಶೇಷ ಪಟ್ಟಿಯಲ್ಲಿ. ಅದರಲ್ಲಿ ನಾಲ್ಕನೇ ಕಲಂ, ಎಚ್‌ಐವಿ ಇರೋ ಮಕ್ಕಳು. ಈಗ ಅವನಿಗೆ ಏನೂ ಇಲ್ಲ ಅಂತ ಆಯ್ತಲ್ಲ. ಅಲ್ಲಿಯ ಕಚೇರಿಯವರು ಅವನನ್ನ ಸಾಮಾನ್ಯ ಪಟ್ಟಿಗೆ ಹಾಕಿದಾರೆ."

"ಹಾಕ್ಲಿ. ಒಳ್ಳೇದೇ ಅಲ್ವಾ?" ಎಂದ ಗಂಡ.

ಫೈಲಕ್ಕ ಒಂದು ಹಾಳೆಯನ್ನು ಅವರ ಕಡೆಗೆ ತಿರುಗಿಸಿದರು. "ಸಾಮಾನ್ಯ ಪಟ್ಟಿಯ ಮಕ್ಕಳಿಗೆ ಅಪ್ಪ-ಅಮ್ಮನ ಆರೋಗ್ಯದ ಷರತ್ತು ಬೇರೆ ಸರ್. ಇದರಲ್ಲಿ ಬರೆದಿರೋ ಯಾವುದೂ ಇರಬಾರದು."

ಹನ್ನೆರಡು ಕಾಯಿಲೆಗಳಿದ್ದವು. ಅವಳು ಮೇಲಿನಿಂದ ಓದುತ್ತ ಬಂದಳು. ಹುಡುಕುವ ಕಷ್ಟವೇನೂ ಆಗಲಿಲ್ಲ, ಎರಡನೆಯ ಸಾಲಿನಲ್ಲೇ ಇತ್ತು.

ಗಂಡ ಹಾಳೆಯನ್ನು ಎರಡು ಸಲ ಓದಿ ಕೆಳಗಿಟ್ಟ. "ಒಂದು ನಿಮಿಷ, ನನಗೆ ಅರ್ಥ ಮಾಡ್ಸಿ. ಕಾಯಿಲೆ ಇರೋ ಮಗೂನ ನೋಡ್ಕೊಳ್ಳೋಕೆ ಇವಳ ಆರೋಗ್ಯ ಸಾಕಿತ್ತು. ಆರೋಗ್ಯವಾಗಿರೋ ಮಗೂನ ನೋಡ್ಕೊಳ್ಳೋಕೆ ಸಾಲಲ್ಲ?"

"ನಿಯಮ ನಾನು ಬರೆದಿದ್ದಲ್ಲ ಸರ್."

"ಬರೆದವರು ಸಿಗ್ತಾರಾ?"

ಫೈಲಕ್ಕ ಹಾಳೆಯನ್ನು ಮತ್ತೆ ಕಡತದೊಳಗಿಟ್ಟರು. ಅವರು ಕೆಟ್ಟವರೇನಲ್ಲ. ಎರಡು ವರ್ಷ ಇವರ ಜೊತೆ ಓಡಾಡಿದ್ದರು, ಪೊಲೀಸರ ಪತ್ರದ ಅವಧಿ ಮುಗಿದಾಗ ತಾವೇ ಸಾಲಿನಲ್ಲಿ ನಿಂತು ಹೊಸದು ತಂದಿದ್ದರು. ಸಿಟ್ಟು ಮಾಡಲು ಎದುರಿಗೆ ಕೆಟ್ಟವರೊಬ್ಬರಾದರೂ ಇದ್ದಿದ್ದರೆ ಆಗ ಎಷ್ಟೋ ಸುಲಭವಾಗುತ್ತಿತ್ತು. "ಮೇಡಂ," ಎಂದರು ಅವರು, ದನಿ ತಗ್ಗಿಸಿ, "ನಾಲ್ಕನೇ ಕಲಮಿನಲ್ಲಿ ಇನ್ನೊಂದು ಮಗು ಇದೆ. ಹುಡುಗಿ, ಮೂರು ವರ್ಷ. ನಿಮ್ಮ ಕಾಗದಗಳೆಲ್ಲ ಸಿದ್ಧ ಇವೆ, ಬೇಗ ಆಗುತ್ತೆ."

"ಗಿರಾಕಿಗೆ ಒಂದು ಫ್ರೇಮ್ ಕೂರದಿದ್ರೆ ಇನ್ನೊಂದು ತೋರಿಸೋದು ನನ್ನ ಕೆಲಸ," ಎಂದಳು ಅವಳು. "ನಿಮ್ಮ ಕೆಲಸಾನೂ ಅದೇ ಅಂತ ನನಗೆ ಗೊತ್ತಿರ್ಲಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆ ಮೂರು ವರ್ಷದ ಹುಡುಗಿಯದೇನು ತಪ್ಪು. ಆದರೆ ಹದಿನಾಲ್ಕು ತಿಂಗಳಿಂದ ಅವಳ ಮಗ ಒಬ್ಬನೇ ಆಗಿದ್ದ.

ಕಚೇರಿಯ ಮೆಟ್ಟಿಲು ಇಳಿಯುವಾಗ ಒಂದು ಕ್ಷಣ ಅವಳಿಗೆ ಅನಿಸಿತು: ಆ ಪರೀಕ್ಷೆಯಲ್ಲಿ ಇದೆ ಎಂದು ಬರಬೇಕಿತ್ತು. ಎರಡು ಸಲವೂ ಬರಬೇಕಿತ್ತು. ಅನಿಸಿದ್ದೇ ತಡ ಕಂಬಿ ಹಿಡಿದು ನಿಂತಳು. ಒಂದೂವರೆ ವರ್ಷದ ಕೂಸಿಗೆ ತನ್ನ ಕಾಯಿಲೆಯೇ ಇರಲಿ ಎಂದು ಬಯಸಿದ ತಾಯಿ. ಹಿಂದೆ ಬರುತ್ತಿದ್ದ ಗಂಡ ಏನಾಯಿತೆಂದು ಕೇಳಿದ. "ಏನಿಲ್ಲ, ಮೆಟ್ಟಿಲು ಸರಿಯಾಗಿ ಕಾಣಲಿಲ್ಲ," ಎಂದಳು. ಇಷ್ಟು ವರ್ಷದಲ್ಲಿ ಅವನಿಗೆ ಹೇಳಿದ ಮೊದಲ ಸುಳ್ಳು ಅದಾಗಿರಲಿಲ್ಲ, ಎರಡನೆಯದು.

ಸಾಮಾನ್ಯ ಪಟ್ಟಿಯಲ್ಲೇ ಅವನನ್ನು ಕೇಳಿ ನೋಡೋಣವೆಂದು ತಂದ ಹೊಸ ಅರ್ಜಿ ನೋಡಿ ಡಾಕ್ಟರಮ್ಮ ಇವರಿಗಿಂತ ಹೆಚ್ಚು ರೇಗಿದರು. ಅರ್ಜಿಯಲ್ಲಿ ಕಾಯಿಲೆಯ ಹೆಸರಿನ ಮುಂದೆ ಎರಡೇ ಚೌಕ: ಇದೆ, ಇಲ್ಲ. "ಎಂಟು ವರ್ಷದ ರಿಪೋರ್ಟ್ ಇದೆ ನನ್ನತ್ರ. ಇವಳು ನನಗಿಂತ ಗಟ್ಟಿಯಾಗಿದಾಳೆ, ನನಗಾದ್ರೆ ಸಕ್ಕರೆ ಕಾಯಿಲೆ," ಎನ್ನುತ್ತ ಎರಡು ಪುಟದ ಕಾಗದ ಬರೆದರು. ಬೇರೆ ಯಾರಿಗೂ ಹರಡುವುದಿಲ್ಲ, ಆಯುಸ್ಸಿಗೆ ಕುಂದಿಲ್ಲ, ಮಗುವನ್ನು ಸಾಕಲು ಎಲ್ಲ ರೀತಿಯಲ್ಲೂ ಯೋಗ್ಯಳು, ಎಲ್ಲವನ್ನೂ ಬರೆದರು. ಬರೆದು ಮುಗಿಸಿ ಪೆನ್ನು ಕೆಳಗಿಟ್ಟು, "ಆದ್ರೆ ನೋಡು, ಇದನ್ನ ಓದೋಕೆ ಅವರಿಗೆ ಐದು ನಿಮಿಷ ಬೇಕು. ಚೌಕ ನೋಡೋಕೆ ಒಂದು ಕ್ಷಣ ಸಾಕು," ಎಂದರು.

ಅವಳು ಚೌಕಗಳನ್ನೇ ನೋಡುತ್ತಿದ್ದಳು. "ಇಲ್ಲ ಅಂತ ಗುರುತು ಹಾಕಿದ್ರೆ?"

ಡಾಕ್ಟರಮ್ಮ ಕೂಡಲೇ ಬೈಯಲಿಲ್ಲ. ಅರ್ಜಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಕಾಣಿಸ್ತಿಲ್ಲ ಅನ್ನೋದು ನಿಜ ಕಣಮ್ಮ. ಇಲ್ಲ ಅನ್ನೋದು ಸುಳ್ಳು. ಕಾಣಿಸ್ತಿಲ್ಲ ಅನ್ನೋದಕ್ಕೆ ಅವರು ಚೌಕ ಮಾಡಿಲ್ಲ. ನಾನು ಗುರುತು ಹಾಕಿ, ನಾಳೆ ಗೊತ್ತಾದ್ರೆ, ನಿನ್ನ ತೊಡೆ ಮೇಲೆ ಕೂತಿರೋ ಮಗೂನ ಎಬ್ಬಿಸ್ಕೊಂಡು ಹೋಗ್ತಾರೆ. ತಡ್ಕೋತೀಯಾ?"

'ಇದೆ' ಎಂಬಲ್ಲಿ ಗುರುತು ಬಿತ್ತು. ಎರಡು ಪುಟದ ಕಾಗದವನ್ನು ಅದಕ್ಕೆ ಪಿನ್ ಮಾಡಿ ಕಳಿಸಿದರು. ಆರು ವಾರ ಇವರು ಕಾದರು. ಶನಿವಾರದ ಕರೆ ಕಡತ ಬದಲಾದ ದಿನವೇ ನಿಂತಿತ್ತು. ಆದರೂ ಶನಿವಾರ ಮಧ್ಯಾಹ್ನ ಅತ್ತೆ ಫೋನನ್ನು ಚಾರ್ಜಿಗೆ ಹಾಕಿ ಮೇಜಿನ ನಡುವೆ ಇಡುತ್ತಿದ್ದರು. ತೆಗೆಯಿರಿ ಎಂದು ಹೇಳುವ ಧೈರ್ಯ ಮಗನಿಗೂ ಇರಲಿಲ್ಲ, ಸೊಸೆಗೂ ಇರಲಿಲ್ಲ. ಕಲ್ಲಿನ ಮೇಲೆ ಮಳೆ ಸುರಿದಂತಾಯಿತು ಡಾಕ್ಟರಮ್ಮನ ಕಾಗದ. ಉತ್ತರ ಮೂರು ಸಾಲು: ಅರ್ಜಿದಾರರು ಎರಡನೆಯ ಷರತ್ತನ್ನು ಪೂರೈಸುವುದಿಲ್ಲ. ಮಗುವಿಗೆ ಬೇರೆ ಕುಟುಂಬವನ್ನು ಗುರುತಿಸಲಾಗಿದೆ. ನಿಮ್ಮ ಆಸಕ್ತಿಗೆ ಧನ್ಯವಾದಗಳು.

"ಆಸಕ್ತಿ," ಎಂದ ಗಂಡ. ಅಂದು ಅವನಿಗೆ ತಮಾಷೆ ಯಾವುದೂ ಹೊಳೆಯಲಿಲ್ಲ. ತೊಟ್ಟಿಲುಮಂಚದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಅವನು ಹೊರಗೆ ಬಂದ ಮೇಲೆ, ಅಡುಗೆಮನೆಯಲ್ಲಿ, ಅವಳು ಬಚ್ಚಿಟ್ಟಿದ್ದನ್ನು ಹೇಳಿದಳು. "ಸಾಹೇಬ್ರ ಎಡಗಣ್ಣು ಸರಿ ಇಲ್ಲ. ಮೊದಲನೇ ಫೋಟೋದಲ್ಲೇ ಗೊತ್ತಾಗಿತ್ತು ನನಗೆ."

ಅವಳು ಫೋಟೋಗಳನ್ನು ಮೇಜಿನ ಮೇಲೆ ಹರಡಿ ತೋರಿಸಿದಳು. ಬಲಗಣ್ಣಿನ ಪಾಪೆಯಲ್ಲಿ ಬೆಳಕಿನ ಚುಕ್ಕೆ ನಟ್ಟನಡುವೆ ಇತ್ತು. ಎಡಗಣ್ಣಿನಲ್ಲಿ ಅದು ಮೂಗಿನ ಕಡೆಗೆ ಸರಿದಿತ್ತು, ಅಂದರೆ ಕಣ್ಣು ಆಚೆ ಹೊರಳಿತ್ತು. ಎಲ್ಲ ಫೋಟೋಗಳಲ್ಲೂ ತಲೆ ಒಂದೇ ಕಡೆ ವಾಲಿತ್ತು. "ಫೋನಿಗೆ ಮುಖ ಒತ್ತುತ್ತಿದ್ದದ್ದು ಪ್ರೀತಿಗಲ್ಲ ಅತ್ತೆ. ಅವನಿಗೆ ದೂರದ್ದು ಕಾಣಲ್ಲ. ಎಡಗಡೆದು ಇನ್ನೂ ಕಡಿಮೆ."

ಅತ್ತೆ ಒಂದು ಫೋಟೋ ಎತ್ತಿಕೊಂಡು ಹತ್ತಿರ ಹಿಡಿದು ನೋಡಿದರು. "ಹಾಗಾದ್ರೆ ನಾವು ಯಾರು ಅಂತಾನೇ ಕಾಣ್ತಿರ್ಲಿಲ್ವಾ ಮಗೂಗೆ?"

"ಹೇಳಬೇಕಿತ್ತಲ್ಲೇ," ಎಂದ ಗಂಡ.

"ಹೇಳಿದ್ರೆ ಕಡತದಲ್ಲಿ ಕಣ್ಣಿನ ಕಲಂ ತಿದ್ದಬೇಕು. ತಿದ್ದಿದ್ರೆ ಎಲ್ಲ ವೈದ್ಯಕೀಯ ಪರೀಕ್ಷೆ ಮೊದಲಿಂದ. ಮೂರು ತಿಂಗಳು ಹೋಗುತ್ತೆ, ಅಷ್ಟರಲ್ಲಿ ನಮ್ಮ ಕಾಗದಗಳ ಅವಧಿ ಮುಗಿಯುತ್ತೆ. ಬರ್ಲಿ, ಬಂದ್ಮೇಲೆ ನಾನಿದೀನಲ್ಲ, ನಾನೇ ನೋಡ್ಕೊಂಡ್ರಾಯ್ತು ಅಂದ್ಕೊಂಡೆ." ಅವಳು ಕೈಚೀಲದಿಂದ ಒಂದು ಡಬ್ಬಿ ತೆಗೆದಳು. ಅದರಲ್ಲಿ ಅಂಗೈಯೊಳಗೆ ಮುಚ್ಚಿಹೋಗುವಷ್ಟು ಸಣ್ಣ ಫ್ರೇಮ್ ಇತ್ತು. ಬಾಗುವ ಕಡ್ಡಿ, ತಲೆಯ ಹಿಂದೆ ಕಟ್ಟಲು ಕೆಂಪು ಪಟ್ಟಿ. ಲೆನ್ಸ್ ಇನ್ನೂ ಹಾಕಿರಲಿಲ್ಲ. ನಂಬರ್ ಗೊತ್ತಿಲ್ಲದೆ ಹಾಕುವಂತಿಲ್ಲ.

ಅತ್ತೆಯ ಮುಖ ಅರಳಿತು. "ಅಲ್ಲಮ್ಮ, ಇದು ಊನವೇ ಅಲ್ವಾ? ಅವನ ಕಣ್ಣು ಸರಿ ಇಲ್ಲ ಅಂತ ಅವರಿಗೆ ಹೇಳಿದ್ರೆ ಮತ್ತೆ ಆ ವಿಶೇಷ ಪಟ್ಟಿಗೆ ಹಾಕ್ಬೇಕಲ್ವಾ? ಆಗ ನಮಗೆ ಸಿಗ್ತಾನೆ."

ಗಂಡನೂ ತಲೆಯೆತ್ತಿದ. ಮೂವರೂ ಅವಳ ಫೋನನ್ನು ನೋಡಿದರು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ಇವರಿಗೆ ಸಿಕ್ಕಿದ್ದು ಒಂದು ಕೂಸಿನ ಕುರುಡು.

ಫೈಲಕ್ಕ ಎಲ್ಲವನ್ನೂ ಕೇಳಿಸಿಕೊಂಡರು. "ಪಟ್ಟಿ ಬದಲಾಗಬಹುದು ಮೇಡಂ. ಆದ್ರೆ ಕಣ್ಣಿನದು ಏಳನೇ ಕಲಂ. ನಿಮಗೆ ಇರೋದು ನಾಲ್ಕನೇ ಕಲಂ ಒಂದೇ." ಆಮೇಲೆ ಅವರ ದನಿ ಇನ್ನೂ ತಗ್ಗಿತು. "ಇನ್ನೊಂದು ಮಾತು. ನನ್ನ ಹೆಸರು ಎತ್ತಬೇಡಿ. ಆ ಹೊಸ ದಂಪತಿ ಪೂರ್ತಿ ಆರೋಗ್ಯದ ಮಗು ಅಂತ ಒಪ್ಪಿದಾರೆ. ಈಗ ಕಣ್ಣು ಅಂತ ಎತ್ತಿದ್ರೆ ಬೇಡ ಅನ್ನಬಹುದು. ಬೇಡ ಅಂದ್ರೆ ಮಗು ಏಳನೇ ಕಲಮಿಗೆ ಬೀಳುತ್ತೆ. ಅಲ್ಲಿ ಮಕ್ಕಳು ನಾಲ್ಕೈದು ವರ್ಷ ಕಾಯ್ತಾರೆ. ನೀವು ಸುಮ್ಮನಿದ್ರೆ ಎರಡು ತಿಂಗಳಲ್ಲಿ ಒಂದು ಮನೆ ಸೇರ್ತಾನೆ. ಅವರು ಆಮೇಲೆ ನೋಡ್ಕೋತಾರೆ."

"ನೋಡ್ಕೊಳ್ದೇ ಇದ್ರೆ?"

"ಒಳ್ಳೇ ಜನ ಅಂತೆ ಮೇಡಂ."

"ಒಳ್ಳೇ ಜನಕ್ಕೂ ಗೊತ್ತಾಗಲ್ಲ. ಒಂದು ಕಣ್ಣಿದ್ರೆ ಮಕ್ಕಳು ಆಡ್ಕೊಂಡೇ ಇರ್ತಾರೆ. ಇಸ್ಕೂಲಿಗೆ ಹಾಕಿದಾಗ ಬೋರ್ಡ್ ಕಾಣಲ್ಲ ಅಂತಾರಲ್ಲ, ಆವಾಗ ಕರ್ಕೊಂಡು ಬರ್ತಾರೆ. ಅಷ್ಟು ಹೊತ್ತಿಗೆ ಆ ಕಣ್ಣು ನೋಡೋದನ್ನೇ ಮರ್ತಿರುತ್ತೆ. ಆಮೇಲೆ ಯಾವ ನಂಬರ್ ಹಾಕಿದ್ರೂ ಬರಲ್ಲ. ನಮ್ಮ ಅಂಗಡಿಗೆ ವಾರಕ್ಕೆ ಒಬ್ರಾದ್ರೂ ಬರ್ತಾರೆ ಹಾಗೆ."

ಯೋಚನೆ ಮಾಡಿ ಎಂದು ಹೇಳಿ ಫೈಲಕ್ಕ ಫೋನ್ ಇಟ್ಟರು.

ಯೋಚನೆ ಮಾಡಲು ಮೂರು ದಿನ ಹಿಡಿಯಿತು. ಈ ಮೂರು ದಿನ ಅವಳು ಅಂಗಡಿಯಲ್ಲಿ ಎರಡು ಲೆನ್ಸ್ ಒಡೆದಳು. ಮನೆಯಲ್ಲಿ ಎಲ್ಲರ ಮಾತಿಗೂ ಸಿಡುಕಿದಳು. ಅವಳ ಸಿಟ್ಟೆಲ್ಲ ಕೊನೆಗೆ ಅವಳ ಮೇಲೆಯೇ ಬಂದು ನಿಲ್ಲುತ್ತಿತ್ತು. ರಕ್ತದ ವಿಷಯದಲ್ಲಿ ಸುಮ್ಮನಿರಬೇಕಾಗಿತ್ತು, ಕೂಗಾಡಿದಳು. ಕಣ್ಣಿನ ವಿಷಯದಲ್ಲಿ ಕೂಗಾಡಬೇಕಾಗಿತ್ತು, ಒಂದು ವರ್ಷ ಸುಮ್ಮನಿದ್ದಳು. ಈಗ ಸುಮ್ಮನಿದ್ದರೆ ಮಗನಿಗೊಂದು ಮನೆ, ಮಾತಾಡಿದರೆ ಒಂದು ಕಣ್ಣು. ಎರಡನ್ನೂ ಒಟ್ಟಿಗೆ ಕೊಡುವವರು ಯಾರಾದರೂ ಇದ್ದರೆ ಅದು ತಾನೊಬ್ಬಳೇ ಎಂದು ಅವಳು ನಂಬಿದ್ದಳು. ಆ ನಂಬಿಕೆಗೇ ಹನ್ನೆರಡು ಕಾಯಿಲೆಯ ಹಾಳೆ ಅಡ್ಡ ಬಂದಿತ್ತು.

"ನೀನಾದ್ರೆ ಏನು ಮಾಡ್ತೀಯಾ ಹೇಳು," ಎಂದು ನಾಲ್ಕನೆಯ ದಿನ ಬೆಳಿಗ್ಗೆ ಗಂಡನನ್ನು ಕೇಳಿದಳು. ಬಹುವಚನ ಮರೆತುಹೋಗಿತ್ತು.

ಅವನು ಬೂಟಿನ ದಾರ ಕಟ್ಟುತ್ತಿದ್ದ. "ಲಿಫ್ಟಿನ ಹಗ್ಗದಲ್ಲಿ ಒಂದು ಎಳೆ ಹೋಗಿರೋದು ಕಂಡ್ರೆ ನಾನು ಬರೆದಿಡ್ತೀನಿ. ಬರೆದ್ರೆ ಲಿಫ್ಟ್ ನಿಲ್ಲಿಸ್ತಾರೆ, ಎಂಟನೇ ಮಹಡಿಯವರೆಲ್ಲ ನನಗೆ ಬೈತಾರೆ. ಆದ್ರೂ ಬರೆದಿಡ್ತೀನಿ." ದಾರ ಕಟ್ಟಿಯಾದ ಮೇಲೂ ಅವನು ತಲೆಯೆತ್ತಲಿಲ್ಲ. "ಆದ್ರೆ ಆ ಲಿಫ್ಟಲ್ಲಿ ನನ್ನ ಮಗ ಇದ್ದಾನೆ ಅಂದ್ರೆ ಏನು ಮಾಡ್ತೀನೋ ಗೊತ್ತಿಲ್ಲ ಕಣೇ."

ಅಂದು ಅವಳು ಆ ದೇಶದ ಕಚೇರಿಗೆ ಕಾಗದ ಬರೆದಳು. ತಾನು ಅರ್ಜಿದಾರಳಾಗಿದ್ದೆ ಎಂದು ಬರೆಯಲಿಲ್ಲ. ಹದಿನೆಂಟು ವರ್ಷದಿಂದ ಕನ್ನಡಕದ ಕೆಲಸ ಮಾಡುತ್ತಿದ್ದೇನೆ, ಈ ಮಗುವಿನ ಫೋಟೋಗಳಲ್ಲಿ ಇಂಥ ಗುರುತು ಕಂಡಿದೆ, ಬೇಗ ಕಣ್ಣಿನ ಡಾಕ್ಟರಿಗೆ ತೋರಿಸಬೇಕು, ಕನ್ನಡಕ ಹಾಕಿದರೆ ಸರಿಹೋಗುವ ಸಾಧ್ಯತೆ ಹೆಚ್ಚು ಎಂದು ಬರೆದಳು. ಬೆಳಕಿನ ಚುಕ್ಕೆಗಳಿಗೆ ಬಾಣದ ಗುರುತು ಹಾಕಿದ ಮೂರು ಫೋಟೋ ಇಟ್ಟಳು. ಕೊನೆಯಲ್ಲಿ, ಇದು ದೊಡ್ಡ ಊನವಲ್ಲ, ಸಾವಿರಾರು ಮಕ್ಕಳಿಗೆ ಇರುತ್ತದೆ ಎಂದು ಸೇರಿಸಿ, ಅದರ ಕೆಳಗೆ ಗೆರೆ ಎಳೆದಳು. ಕಾಗದವನ್ನು ಫೈಲಕ್ಕನ ಕೈಗೇ ಕೊಟ್ಟು ಬಂದಳು. ಅವರು ಓದಿ, ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಅವರ ಕನ್ನಡಕದ ಎಡಗಡೆಯ ಕಡ್ಡಿ ಸಡಿಲವಾಗಿದ್ದದ್ದು ಅವಳಿಗೆ ಕಂಡಿತು. ಚೀಲದಲ್ಲಿದ್ದ ಸ್ಕ್ರೂಡ್ರೈವರ್ ತೆಗೆದು ಬಿಗಿಮಾಡಿ ಕೊಟ್ಟಳು.

ಐದು ವಾರದ ಮೇಲೆ ಫೈಲಕ್ಕನ ಫೋನ್ ಬಂತು. ಅಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದ್ದರು, ಅವಳು ಬರೆದದ್ದೆಲ್ಲ ನಿಜವಾಗಿತ್ತು. ದಂಪತಿಗೆ ತಿಳಿಸಿದ್ದರು.

"ಏನಂದ್ರು?"

"ಏನೂ ಇಲ್ಲ ಮೇಡಂ. ನಕ್ಕರಂತೆ. ಇಬ್ಬರೂ ಸಣ್ಣವರಿದ್ದಾಗಿಂದ ಕನ್ನಡಕ ಹಾಕ್ಕೊಳ್ಳೋರಂತೆ. ನಮ್ಮ ಮನೆಗೆ ಸರಿಯಾಗಿದಾನೆ ಅಂದ್ರಂತೆ."

ಒಂದು ವರ್ಷ ಅವಳು ಎದೆಯಲ್ಲಿ ಬೆಂಕಿ ಇಟ್ಟುಕೊಂಡಂತೆ ಮುಚ್ಚಿಟ್ಟಿದ್ದ ಮಾತು. ಅವರು ನಕ್ಕಿದ್ದರು. ಸಂತೋಷಪಡಬೇಕಾದ ಮಾತೇ, ಅವಳು ಸಂತೋಷವನ್ನೂ ಪಟ್ಟಳು. ಆದರೂ ಫೋನ್ ಇಟ್ಟ ಮೇಲೆ ತುಂಬ ಹೊತ್ತು ಕೌಂಟರಿನ ಮೇಲಿನ ಧೂಳನ್ನು ಒರೆಸಿದ್ದನ್ನೇ ಒರೆಸುತ್ತಿದ್ದಳು. ಮನೆಯಲ್ಲಿ ಅತ್ತೆ ಕೇಳಿ, "ಕೆಲವು ಕಾಯಿಲೇನ ಮೂಗಿನ ಮೇಲೇ ಇಟ್ಕೊಂಡು ಓಡಾಡಬಹುದು, ಪುಣ್ಯವಂತರು," ಎಂದರು.

ನಂಬರಿನ ಚೀಟಿಯನ್ನು ಫೈಲಕ್ಕ ಕಳಿಸಿಕೊಟ್ಟರು. ಕಡತ ಕೈ ಬದಲಾಗುವ ತನಕ ಕನ್ನಡಕಕ್ಕೆ ಅಲ್ಲಿ ಯಾರೂ ಮಂಜೂರಾತಿ ಕೊಡುತ್ತಿಲ್ಲ ಎಂದು ಬೇಕೆಂದೇ ಒಂದು ಸಾಲು ಬರೆದಿದ್ದರು. ಅವಳು ಅಂದೇ ಲೆನ್ಸ್ ತೇಯಲು ಕೂತಳು. ಎಡಗಡೆಯದು ದಪ್ಪ ಬರುತ್ತದೆ, ಅಂಚು ಕೂಸಿನ ಕೆನ್ನೆಗೆ ತಾಗಬಾರದು. ಯಂತ್ರದಲ್ಲಿ ಆದಷ್ಟು ತೇಯ್ದು, ಉಳಿದದ್ದನ್ನು ಕೈಯಿಂದ ಉಜ್ಜಿ, ತನ್ನ ಕೆನ್ನೆಗೇ ಒತ್ತಿ ನೋಡಿದಳು. ಮತ್ತೆ ಉಜ್ಜಿದಳು. ಅಂಗಡಿಯ ಯಜಮಾನರು ಬಂದು, "ಯಾರದಮ್ಮ ಇದು, ಇಷ್ಟು ಸಣ್ಣದು?" ಎಂದರು. "ಸಾಹೇಬ್ರೊಬ್ಬರದು," ಎಂದಳು. ಡಬ್ಬಿ ಫೈಲಕ್ಕನ ಕಡತಗಳ ಪೊಟ್ಟಣದೊಳಗೆ ಸೇರಿ ಹೋಯಿತು. ಅದು ಯಾವ ನಿಯಮದ ಪ್ರಕಾರ ಎಂದು ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಮೇಲೆ ಒಂದು ಶುಕ್ರವಾರ ಅವರೇ ಫೋನ್ ಮಾಡಿದರು. "ನಾಳೆ ಮಧ್ಯಾಹ್ನ ಹತ್ತು ನಿಮಿಷ ಮೇಡಂ. ಕನ್ನಡಕ ಸರಿಯಾಗಿ ಕೂತಿದೆಯಾ ಅಂತ ಮಾಡಿದವರೇ ನೋಡಬೇಕಲ್ಲ. ಕಡತದಲ್ಲಿ 'ಕನ್ನಡಕ ತಯಾರಕರು' ಅಂತ ಬರ್ಕೊಂಡಿದೀನಿ."

"ಅದಕ್ಕೇನಾದ್ರೂ ಅರ್ಜಿ ತುಂಬಬೇಕಾ?"

"ಏನೂ ಬೇಡ."

ಕನ್ನಡಕ ಮಾಡುವವರ ರಕ್ತವನ್ನು ಯಾರೂ ಕೇಳುವುದಿಲ್ಲ.

ಶನಿವಾರ ಗಂಡನೂ ಅತ್ತೆಯೂ ಅಂಗಡಿಗೇ ಬಂದರು. ಕಡತದಲ್ಲಿ ಅವರ ಹೆಸರಿಲ್ಲದ್ದರಿಂದ ಕೌಂಟರಿನ ಆಚೆ, ಗಿರಾಕಿಗಳ ಬೆಂಚಿನ ಮೇಲೆ, ಫೋನಿಗೆ ಕಾಣದ ಹಾಗೆ ಕೂತರು. ಅವಳು ಕೆಲಸದ ಬಿಳಿ ಕೋಟು ಹಾಕಿಕೊಂಡು ಫೋನನ್ನು ಅಕ್ಷರದ ಬೋರ್ಡಿನ ಎದುರು ನಿಲ್ಲಿಸಿದಳು. ತೆರೆ ಬೆಳಗಿತು. ಮೊದಲು ಆಯಾಳ ಕೈ, ಆಮೇಲೆ ಒಂದು ಗೋಡೆ, ಆಮೇಲೆ ಎತ್ತರದ ಕುರ್ಚಿಯಲ್ಲಿ ಕೂತ ಸಾಹೇಬರು.

ಕೆಂಪು ಪಟ್ಟಿ ಸರಿಯಾಗಿತ್ತು. ಮೂಗಿನ ಮೇಲೆ ಜಾರಿರಲಿಲ್ಲ. ಎಡಗಡೆಯ ಅಂಚು ಕೆನ್ನೆಗೆ ತಾಗುತ್ತಿರಲಿಲ್ಲ. ಅವಳು ಒಂದೊಂದನ್ನೂ ನೋಡಿ ಚೀಟಿಯಲ್ಲಿ ಗುರುತು ಹಾಕಿಕೊಂಡಳು, ಏಕೆಂದರೆ ಅದಕ್ಕೇ ಅವಳನ್ನು ಕರೆದಿದ್ದರು. ಕಿವಿಯ ಹಿಂದಿನದು ಕಾಣುತ್ತಿರಲಿಲ್ಲ. ಹತ್ತಿರ ತನ್ನಿ ಎಂದು ಕೈಸನ್ನೆ ಮಾಡಿದಳು. ಆಯಾ ಅರ್ಥಮಾಡಿಕೊಂಡು, ಎಂದಿನಂತೆ ಅವನೇ ಬರುತ್ತಾನೆಂದು ಫೋನನ್ನು ಮುಂದೆ ಚಾಚಿ ಹಿಡಿದರು.

ಅವನು ಬರಲಿಲ್ಲ. ಕೈಗಳನ್ನು ಕುರ್ಚಿಯ ಹಲಗೆಯ ಮೇಲಿಟ್ಟುಕೊಂಡು, ತಲೆ ನೆಟ್ಟಗೆ ಮಾಡಿ, ಕೂತಲ್ಲಿಂದಲೇ ನೋಡಿದ. ಹಣೆ, ಎರಡು ಹುಬ್ಬು, ಎರಡು ಕಣ್ಣು, ಗಲ್ಲದ ಮೇಲೆ ಅಂಟಿದ ಒಂದು ಅನ್ನದ ಅಗುಳು. ಬೆಳಕಿನ ಚುಕ್ಕೆ ಎರಡು ಕಣ್ಣಲ್ಲೂ ನಡುವೆ ಇತ್ತು. ಹುಬ್ಬು ಗಂಟಿಕ್ಕಿಕೊಂಡು ಅವಳ ಮುಖವನ್ನೂ, ಬಿಳಿ ಕೋಟನ್ನೂ, ಹಿಂದಿನ ಬೋರ್ಡನ್ನೂ ನೋಡಿ, ಮತ್ತೆ ಅವಳ ಮುಖಕ್ಕೆ ಬಂದ. ಈಕೆ ಯಾರೆಂದು ಅವನಿಗೆ ಗೊತ್ತಾಗಲಿಲ್ಲ.

"ಸರಿಯಾಗಿ ಕಾಣ್ತಿದೆಯಾ?" ಎಂದು ಅವಳು ಎಲ್ಲ ಗಿರಾಕಿಗಳನ್ನು ಕೇಳುವ ಹಾಗೆ ಕೇಳಿದಳು.

ಬೆಂಚಿನ ಮೇಲಿದ್ದ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಇನ್ನೂ ಏಳು ನಿಮಿಷ ಇತ್ತು. ಅವಳು ಕೋಟಿನ ಗುಂಡಿ ಹಾಕಿಕೊಂಡು, ಅವನು ನೋಡಿ ಮುಗಿಸುವ ತನಕ, ಅಲುಗಾಡದೆ ಕೂತಳು.